ಫ್ರಾಂಕಿನ ನಾಡಿಗೆ ಪಿಗ್ಮಿಯ ದಾರಿ

ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಮಗಳ ಲಗ್ನ, ಮನೆಯ ಸ್ಲ್ಯಾಬು, ಟ್ರ್ಯಾಕ್ಟರಿನ ಕಂತು ಇವುಗಳ ಹೊರತು ಅನ್ಯ ವ್ಯಯವನ್ನು ಚಿಂತಿಸುವುದೇ ಅವಿವೇಕವೆಂದು ಭಾವಿಸುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗೃಹಸ್ಥರ ನಡುವೆ ಬೆಳೆದ ನಾನು, ಸ್ವಿಟ್ಜರ್ಲೆಂಡನ್ನು ನೋಡಬೇಕೆಂಬ ಅಭಿಲಾಷೆಯನ್ನು ಬಹುಕಾಲ ಯಾರೆದುರೂ ಆಡಿರಲಿಲ್ಲ. ಮೊದಲು ಆಡಿದುದು ಪತ್ತಿನ ಸಂಘದ ಪಿಗ್ಮಿ ಏಜೆಂಟನೊಡನೆ. ಅದೂ ನಿತ್ಯದ ಮೊತ್ತವನ್ನು ಹೆಚ್ಚಿಸಿದುದಕ್ಕೆ ಅವನು ಕಾರಣ ಕೇಳಿದುದರಿಂದ. “ಯಾಕ್ರೀ ಸರ, ಮನಿ ಕಟ್ಟಸ್ತೀರೇನು?” ಎಂದವನಿಗೆ ನಿಜವನ್ನೇ ಹೇಳಲು, ರಶೀದಿಯನ್ನು ಹರಿದು ಕೊಡುತ್ತ, “ಅಲ್ಲಿ ಕುಡಿಯೋ ನೀರಿಗೂ ರೊಕ್ಕ ಅಂತಲ್ರೀ” ಎಂದನು.

ನೀರಿಗೆ ರೊಕ್ಕವಿಲ್ಲ, ಊರೂರಿನ ಚೌಕಗಳಲ್ಲಿ ಹರಿಯುವ ಕಾರಂಜಿಗಳಿಂದ ಬಾಟಲಿ ತುಂಬಿಕೊಳ್ಳಬಹುದು. ಚಿಂತೆ ಬೇರೆಡೆಯಿದೆ. ಪಿಗ್ಮಿ ಬೆಳೆಯುವುದು ರೂಪಾಯಿಯಲ್ಲಿ, ಕರಗುವುದು ಫ್ರಾಂಕಿನಲ್ಲಿ. 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕು ಯೂರೋಗೆ ಎದುರಾಗಿ ತಾನೇ ಹಾಕಿಕೊಂಡಿದ್ದ ವಿನಿಮಯದ ಮಿತಿಯನ್ನು ತೆಗೆದುಹಾಕಿದಾಗ ಫ್ರಾಂಕು ಒಂದೇ ದಿನದಲ್ಲಿ ಜಿಗಿದುದನ್ನು ಬಲ್ಲವನು ಹಣವನ್ನೆಲ್ಲ ಹೊರಡುವ ವಾರಕ್ಕೆಂದು ಇಟ್ಟುಕೊಳ್ಳಲಾರನು. ನಾನಂತೂ ಫಾರೆಕ್ಸ್ ಕಾರ್ಡಿಗೆ ಕಂತುಕಂತಾಗಿ ಫ್ರಾಂಕನ್ನು ತುಂಬಿಸಿದೆನು. ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ. ವೀಸಾ ಸಿಗದಿದ್ದರೂ ಅದು ಮರಳದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯೂ ಕಡ್ಡಾಯ.

ಆ ದೇಶದಲ್ಲಿ ಹಣವನ್ನು ನುಂಗುವುವು ಹಿಮಶಿಖರಗಳು. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣಕ್ಕೆ ಇಂಟರ್‌ಲಾಕೆನ್ನಿನಿಂದ ಹೋಗಿಬರುವ ಬೇಸಿಗೆಯ ಟಿಕೇಟು ಇನ್ನೂರು ಫ್ರಾಂಕನ್ನು ದಾಟುತ್ತದೆ. ಸ್ವಿಸ್ ಟ್ರಾವೆಲ್ ಪಾಸು ಕೈಯಲ್ಲಿದ್ದರೂ ಗ್ರಿಂಡೆಲ್‌ವಾಲ್ಡಿನಿಂದ ಮೇಲಕ್ಕೆ ದೊರೆಯುವುದು ಕಾಲುಭಾಗದ ರಿಯಾಯಿತಿ ಮಾತ್ರ. ಆದರೆ 1871ರಲ್ಲಿಯೇ ಹಲ್ಲುಹಳಿಯ ರೈಲು ಏರಿದ ರಿಗಿ ಬೆಟ್ಟ ಅದೇ ಪಾಸಿನಲ್ಲಿ ಸಂಪೂರ್ಣ ಸೇರಿದೆ. ಶಾಫ್‌ಹೌಸೆನ್ನಿನ ರೈನ್ ಜಲಪಾತದ ಉತ್ತರ ದಂಡೆಯಲ್ಲಿ ಪ್ರವೇಶಶುಲ್ಕವೇ ಇಲ್ಲ. 23 ಮೀಟರಿನ ಆ ಧುಮುಕನ್ನು ನೋಡುವಾಗ, 52 ಮೀಟರಿನಿಂದ ಬೀಳುವ ಘಟಪ್ರಭೆಯನ್ನು ಕಂಡು ಬೆಳೆದ ಗೋಕಾಕದವನಿಗೆ ಕಿಂಚಿತ್ ಜಂಬವುಂಟಾದರೆ ಕ್ಷಮ್ಯವೆನ್ನಬೇಕು.

ನಾನು ಹಣ ಕೂಡಿಸಿದುದು ಹಿಮಕ್ಕಾಗಿಯೂ ಅಲ್ಲ. ಸಂಕೇಶ್ವರದಲ್ಲಿ ಗಡಹಿಂಗ್ಲಜದ ಬಸ್ಸನ್ನು ಹತ್ತಿದವನ ಕಿವಿಗೆ ಕನ್ನಡ ಯಾವ ತಿರುವಿನಲ್ಲಿ ಮರಾಠಿಯಾಯಿತೆಂಬುದೇ ತಿಳಿಯದಂತಹ ಗಡಿಯವನಾದ ನನಗೆ, ಜರ್ಮನ್, ಫ್ರೆಂಚ್, ಇಟಾಲಿಯನ್ ನುಡಿಗಳ ಜೊತೆಗೆ ಕೆಲವು ಹತ್ತು ಸಾವಿರ ಜನರಷ್ಟೇ ಆಡುವ ರೊಮಾಂಶ್ ನುಡಿಗೂ 1938ರಲ್ಲಿ ರಾಷ್ಟ್ರಭಾಷೆಯ ಸ್ಥಾನವಿತ್ತ ನಾಡು ಹೇಗೆ ಬಾಳುತ್ತಿದೆಯೆಂಬುದನ್ನು ಕಾಣಬೇಕಾಗಿದ್ದಿತು. ಈ ನೋಟಕ್ಕೆ ಪಾಸಿನ ಹೊರತು ಬೇರೆ ಬೆಲೆಯಿಲ್ಲ. ಜರ್ಮನ್ ಮಾತಿನ ಕೂರ್ ಪಟ್ಟಣದಲ್ಲಿ ರೈಲು ಹತ್ತಿದರೆ, ಬೆರ್ಗ್ಯೂನ್ ನಿಲ್ದಾಣದ ಫಲಕದಲ್ಲಿ ಒಂದೇ ಊರಿಗೆ ಜರ್ಮನ್ ಹೆಸರೂ ರೊಮಾಂಶ್ ಹೆಸರೂ ಜೊತೆಜೊತೆಯಾಗಿ ಕಾಣುತ್ತವೆ. ಅಲ್ಲಿಂದ 2,253 ಮೀಟರಿನ ಬೆರ್ನಿನಾ ಕಣಿವೆದಾರಿಯನ್ನು ದಾಟಿ ಪೊಸ್ಕಿಯಾವೊಗೆ ಇಳಿಯುವಷ್ಟರಲ್ಲಿ ಅಂಗಡಿಯ ಹೆಸರುಗಳೆಲ್ಲ ಇಟಾಲಿಯನ್. ಪ್ರವಾಸಿ ಏಜೆಂಟರು ಹೊಗಳುವ, ದೊಡ್ಡ ಗಾಜಿನ ಬೆರ್ನಿನಾ ಎಕ್ಸ್‌ಪ್ರೆಸ್ಸಿಗೆ ಪಾಸಿನ ಮೇಲೆ ಕಾಯ್ದಿರಿಸುವ ಶುಲ್ಕವನ್ನು ಬೇರೆ ತೆರಬೇಕು. ಅದೇ ಹಳಿಗಳ ಮೇಲೆ, ಅದೇ ಸೇತುವೆಗಳ ಮೂಲಕ ಓಡುವ ಸಾಮಾನ್ಯ ರೈಲಿಗೆ ಅದು ಬೇಡ. ನಡುವೆ ಒಮ್ಮೆ ಗಾಡಿ ಬದಲಿಸುವ ಶ್ರಮವಷ್ಟೆ.

ಊಟದ ವಿಷಯಕ್ಕೆ ಬಂದರೆ, ಹೋಟೆಲಿಗಿಂತ ಮಿಗ್ರೋಸ್ ಅಥವಾ ಕೋಪ್ ಅಂಗಡಿ ಲೇಸು. ಎರಡೂ ಸಹಕಾರಿ ಸಂಸ್ಥೆಗಳು. 1969ರಿಂದ ವಿದ್ಯುತ್ತಿಗೂ ಸಹಕಾರಿ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಯವರಿಗೆ ಇದು ಅಪರಿಚಿತವೆನಿಸದು. ನಮ್ಮ ಮನೆಯವರು ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಕಟ್ಟಿದರು. ಭಾರತದಿಂದ ಹಾಲಿನ ಪದಾರ್ಥವನ್ನು ಒಯ್ಯುವುದು ನಿಷಿದ್ಧವಾದುದರಿಂದ ಕುಂದಾ ಮನೆಯಲ್ಲಿಯೇ ಉಳಿಯಿತು.

ಪ್ಯಾಕೇಜು ಕೊಳ್ಳುವವರು ಇನ್ನೊಂದನ್ನು ಗಮನಿಸತಕ್ಕದ್ದು. ಪ್ರವಾಸ ಸಂಸ್ಥೆಯು ಮೂಲದಲ್ಲಿಯೇ ಸಂಗ್ರಹಿಸುವ ಟಿಸಿಎಸ್ ಎಂಬುದು ಖರ್ಚಲ್ಲ, ನಮ್ಮ ಹೆಸರಿನಲ್ಲಿ ಮುಂಗಡವಾಗಿ ಜಮೆಯಾದ ತೆರಿಗೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ರಿಟರ್ನ್ ಸಲ್ಲಿಸದಿರುವ ನಮ್ಮ ಭಾಗದ ರೈತರು ಆ ಹಣವನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ವರ್ಷದಲ್ಲಿ ವಿದೇಶ ಪ್ರವಾಸಕ್ಕೆ 2 ಲಕ್ಷ ರೂಪಾಯಿಗೆ ಮೇಲ್ಪಟ್ಟು ವ್ಯಯಿಸಿದವನು ಆದಾಯ ಎಷ್ಟೇ ಇರಲಿ ರಿಟರ್ನ್ ಸಲ್ಲಿಸಲೇಬೇಕೆಂಬ ನಿಯಮವಿರುವಾಗ, ಅದರೊಡನೆಯೇ ಮರುಪಾವತಿಯನ್ನೂ ಕೇಳಿ ಪಡೆಯಬಹುದು.