ಹಳೆಯ ಫ್ಲಾಪಿಯ ನಾಡಿಪರೀಕ್ಷೆ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಕಪಾಟಿನಲ್ಲಿ ಈಚೆಗೆ ಮೂರೂವರೆ ಅಂಗುಲದ ಹನ್ನೆರಡು ಫ್ಲಾಪಿಗಳು ದೊರೆತುವು. ನಿವೃತ್ತ ಅಧ್ಯಾಪಕರೊಬ್ಬರು 1996ರಲ್ಲಿ ಮಾಡಿದ ಪ್ರಯೋಗಗಳ ಅಳತೆಗಳು ಅವುಗಳಲ್ಲಿದ್ದುವು, ಬೇರೆ ಪ್ರತಿಯಿಲ್ಲ. ಉತ್ಸಾಹದಿಂದ ಮೊದಲನೆಯದನ್ನು ನೇರವಾಗಿ ಡ್ರೈವಿನೊಳಕ್ಕೆ ಹಾಕಿದೆವು. ಕಿರ್ರೆಂಬ ಸದ್ದಾಯಿತು. ಹೊರತೆಗೆದು ನೋಡಿದರೆ ಬಿಲ್ಲೆಯ ಮೇಲೆ ಉಂಗುರದಂತಹ ಗೀರು! ಪರೀಕ್ಷೆಯೇ ರೋಗಿಯನ್ನು ಕೊಂದಿತ್ತು.

ಹೀಗಾದುದೇಕೆ? ಫ್ಲಾಪಿಯ ಒಳಗಿರುವುದು ತೆಳುವಾದ ಪಾಲಿಯೆಸ್ಟರ್ ಬಿಲ್ಲೆ. ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಅದರ ಎರಡು ಮೈಗೂ ಬಳಿದಿರುತ್ತಾರೆ. ಪುಡಿಯ ಕಾಂತತ್ವವು ತಾನಾಗಿಯೇ ಸುಲಭವಾಗಿ ಅಳಿಯದು. ಅನೇಕ ವೇಳೆ ಮೊದಲು ಸೋಲುವುದು ಅಂಟು. ತೇವವು ಅದನ್ನು ಸಡಿಲಗೊಳಿಸುತ್ತದೆ, ಬೂಷ್ಟನ್ನೂ ಬೆಳೆಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ಡು ಗಾಳಿಯ ಪದರದ ಮೇಲೆ ತೇಲುತ್ತದೆ. ಫ್ಲಾಪಿಯ ಹೆಡ್ಡಾದರೋ ನಿಮಿಷಕ್ಕೆ 300 ಸುತ್ತು ತಿರುಗುವ ಬಿಲ್ಲೆಯನ್ನು ಮುಟ್ಟಿಯೇ ಓದಬೇಕು. ಕಿತ್ತುಬಂದ ಪುಡಿ ಅದಕ್ಕೆ ಮೆತ್ತಿಕೊಂಡರೆ ಆ ಹೆಡ್ಡು ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ.

ಆದುದರಿಂದ ಮೊದಲು ವೈದ್ಯನನ್ನೇ ಪರೀಕ್ಷಿಸತಕ್ಕದ್ದು. ಡ್ರೈವಿನ ಹೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೆಲ್ಲನೆ ಒರೆಸಿ, ಆರಿದ ಮೇಲೆ ಬೇಡವಾದ ಫ್ಲಾಪಿಯೊಂದನ್ನು ಆದ್ಯಂತವಾಗಿ ಓದಿಸಿ, ಗೀರು ಬಿದ್ದಿಲ್ಲವೆಂಬುದನ್ನು ಕಣ್ಣಾರೆ ಕಾಣಬೇಕು.

ಇನ್ನು ರೋಗಿಯ ಸರದಿ. ಲೋಹದ ಮುಚ್ಚಳವನ್ನು ಸರಿಸಿ, ನಡುವಣ ಲೋಹದ ಗುಂಬವನ್ನು ಬೆರಳಿನಿಂದ ತಿರುಗಿಸುತ್ತ, ಓರೆ ಬೆಳಕಿನಲ್ಲಿ ಎರಡು ಮೈಗಳನ್ನೂ ನೋಡಿರಿ. ಬೂಷ್ಟಿನ ಬಿಳಿಯ ಕಲೆಗಳು ಕಂಡರೆ ಅದನ್ನು ಡ್ರೈವಿಗೆ ಹಾಕಲೇಬಾರದು. ಮೂಲೆಯಲ್ಲಿರುವ ಜಾರುಗುಂಡಿಯನ್ನು ಸರಿಸಿ ಕಿಂಡಿಯನ್ನು ತೆರೆದಿಡಿ. ಆಗ ಡ್ರೈವು ಅದರ ಮೇಲೆ ಬರೆಯಲಾರದು. 'ಫಾರ್ಮ್ಯಾಟ್ ಮಾಡಲೇ?' ಎಂದು ಕಂಪ್ಯೂಟರು ಕೇಳಿದರೂ ಬೇಡವೆನ್ನಿ.

1.44 ಮೆಗಾಬೈಟಿನ ಫ್ಲಾಪಿಯಲ್ಲಿ ಮೈಗೆ 80ರಂತೆ ವೃತ್ತಾಕಾರದ ಜಾಡುಗಳು, ಜಾಡಿಗೆ 18ರಂತೆ ಸೆಕ್ಟರುಗಳು, ಒಟ್ಟು 2,880. ಪ್ರತಿಯೊಂದರ ಜೊತೆಗೂ ತಾಳೆ ನೋಡುವ ಸಂಖ್ಯೆಯೊಂದು ಇರುತ್ತದೆ. ಓದಿದ ಮಾಹಿತಿಗೂ ಅದಕ್ಕೂ ತಾಳೆಯಾಗದಿದ್ದರೆ ದೋಷವಿದೆಯೆಂದರ್ಥ. ದೋಷ ಯಾರದು? ಎಲ್ಲ ಫ್ಲಾಪಿಗಳಲ್ಲೂ ತಪ್ಪು ಬಂದರೆ ಡ್ರೈವಿನ ಮೇಲೆ ಸಂಶಯ; ಎರಡು ಡ್ರೈವುಗಳಲ್ಲೂ ಅದೇ ಸೆಕ್ಟರು ಕೆಟ್ಟಿದ್ದರೆ ಬಿಲ್ಲೆಯ ಮೇಲೆ. ಮೂರನೆಯ ಸಾಧ್ಯತೆಯನ್ನು ಬಹಳ ಮಂದಿ ಮರೆಯುತ್ತಾರೆ. ಜಾಡಿನಿಂದ ಜಾಡಿಗೆ ಇರುವ ದೂರ ಸುಮಾರು 0.19 ಮಿಲಿಮೀಟರು ಮಾತ್ರ. ಬರೆದ ಡ್ರೈವಿನ ಹೆಡ್ಡು ಸ್ವಲ್ಪ ಆಚೀಚೆ ಸರಿದಿದ್ದರೆ, ಆ ಫ್ಲಾಪಿಯನ್ನು ಆ ಡ್ರೈವು ಓದೀತು, ಬೇರೆಯವು ಓದಲಾರವು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವವರು ಇದನ್ನು ನೆನೆಯಬೇಕು.

ಉಳಿದ ಹನ್ನೊಂದರಲ್ಲಿ ಒಂಬತ್ತನ್ನು ಈ ಕ್ರಮದಿಂದ ಓದಿ ಪ್ರತಿ ತೆಗೆದಿದ್ದೇವೆ. ಎರಡಕ್ಕೆ ಬೂಷ್ಟು ಹಿಡಿದಿದೆ. ಅವನ್ನು ಪ್ರತ್ಯೇಕವಾಗಿ ಒಣಗಿದ ಡಬ್ಬಿಯಲ್ಲಿ ಇರಿಸಿದ್ದೇವೆ.