ಮೊದಲು ಕಣ್ಣು, ಆಮೇಲೆ ಕೈ

ಬಾಗಲಕೋಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಹುಮನಾಯ್ಡ್ ರೋಬೋಟಿಗೆ ನೋಟ, ಚಲನೆ, ಮಾತು ಕಲಿಸುವುದು ನನ್ನ ಕೆಲಸ. ಮುಖ ಮನುಷ್ಯರ ಹಾಗಿದ್ದರೆ ಸಾಕು ಅಂತ ನೋಡಲು ಬರುವವರು ತಿಳಿದಿರುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಬೇರೆ: ಯಾವುದು ಮೊದಲು ಅಲುಗಿತು, ಯಾವುದು ಆಮೇಲೆ. ಇಂಥ ರೋಬೋಟು ಕಟ್ಟುವವರಿಗೆ ನನ್ನ ಆರು ಮಾತು:

1. ಕಣ್ಣು ಮುಂದೆ ಹೋಗಲಿ. ಚಹಾದ ಕಪ್ಪಿಗೆ ಕೈ ಚಾಚುವವರನ್ನು ಗಮನಿಸಿ. ಕಣ್ಣು ಆಗಲೇ ಕಪ್ಪಿನ ಮೇಲಿರುತ್ತದೆ, ಕತ್ತು ಹಿಂಬಾಲಿಸುತ್ತದೆ, ಕೈ ಏಳುವುದು ಕೊನೆಗೆ. ಎಲ್ಲ ಮೋಟಾರುಗಳೂ ಒಂದೇ ಗಳಿಗೆಗೆ ಹೊರಟರೆ ನೋಡುವವರು ಬೆಚ್ಚುತ್ತಾರೆ. ಕೈಯ ವೇಗವೂ ಒಂದೇ ಸಮ ಇರಬಾರದು. ನಮ್ಮ ಕೈ ಮೆಲ್ಲಗೆ ಹೊರಟು, ನಡುವೆ ಜೋರಾಗಿ, ಮುಟ್ಟುವ ಮುನ್ನ ಮತ್ತೆ ಮೆಲ್ಲಗಾಗುತ್ತದೆ. ಸಂಶೋಧಕರಾದ ಫ್ಲ್ಯಾಶ್ ಮತ್ತು ಹೋಗನ್ 1985ರಲ್ಲಿ ಇದಕ್ಕೆ ಕೊಟ್ಟ ಗಣಿತದ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

2. ನೆಟ್ಟಗೆ ನಿಲ್ಲಿಸಬೇಡಿ. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು, ಬಾದಾಮಿಗೆ ಹೋಗಿ ಬನ್ನಿ ಅಂತ. ಕ್ರಿ.ಶ. 578ರ ಶಾಸನವಿರುವ 3ನೇ ಗುಹೆಯಲ್ಲಿ ಕಂಬಗಳ ಮೇಲೆ ಕೆತ್ತಿದ ಜೋಡಿಗಳನ್ನು ನೋಡಬೇಕು. ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ನಮ್ಮ ರೋಬೋಟಿಗೆ ಇರುವುದು ಚಕ್ರ, ಆದರೂ ಸೊಂಟಕ್ಕೊಂದು ಕೀಲು ಇಡಿಸಿದ್ದು ಆ ಕಲ್ಲುಗಳನ್ನು ನೋಡಿದ ಮೇಲೆಯೇ.

3. ಕೀಲು ಬಗ್ಗಲಿ. ಹೇಳಿದ ಕೋನವನ್ನೇ ಹಟ ಹಿಡಿದು ಕಾಯುವ ಮೋಟಾರಿನ ಕೈ ಕುಲುಕಿದರೆ ಬಾಗಿಲ ಹಿಡಿಕೆ ಹಿಡಿದಂತಿರುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಸೇರಿಸುವಾಗ ಬೆರಳಿಗೆ ಎಳೆಯ ಬಿಗಿ ತಾನಾಗಿ ತಿಳಿಯುತ್ತದೆ. ರೋಬೋಟಿಗೆ ಅದು ತಿಳಿಯಬೇಕೆಂದರೆ ಪ್ರತಿ ಕೀಲಿನಲ್ಲೂ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆಯಬೇಕು. ಖರ್ಚಿನ ಬಾಬತ್ತು ನಿಜ, ಆದರೆ ಜನರನ್ನು ಮುಟ್ಟುವ ಕೈಗೆ ಬೇರೆ ದಾರಿಯಿಲ್ಲ.

4. ಹೂಂಗುಟ್ಟಲು ಕಲಿಸಿ. ಪ್ರದರ್ಶನಕ್ಕೆ ಬಂದ ಹಿರಿಯರೊಬ್ಬರು ರೋಬೋಟಿನ ಮುಂದೆ ಬೆಳೆ, ಮಳೆ ಎಲ್ಲ ಹೇಳಿಕೊಂಡು ಕೊನೆಗೆ ನನ್ನ ಕಡೆ ತಿರುಗಿದರು: “ಏನೋ ತಮ್ಮಾ, ಇಷ್ಟೊತ್ತು ಮಾತಾಡಾಕತ್ತೇನಿ, ಹೂಂ ಅನ್ನಾಕೂ ಬರಂಗಿಲ್ಲೇನು ಇದಕ್ಕ?” ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನದ ಪ್ರಕಾರ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಮಾತು ಕೇಳಿ, ಅಕ್ಷರಕ್ಕಿಳಿಸಿ, ಉತ್ತರ ಹುಡುಕುವ ನಮ್ಮ ಯಂತ್ರಕ್ಕೆ ಅಷ್ಟರಲ್ಲಿ ಬಾಯಿ ತೆರೆಯುವುದೇ ಆಗದು. ಹಾಗಾಗಿ ಉತ್ತರವನ್ನೂ ಹೂಂಗುಟ್ಟುವುದನ್ನೂ ಬೇರೆ ಮಾಡಿದೆವು. ಮಾತಿನ ಏರಿಳಿತ ಕೇಳಿಯೇ ತಲೆದೂಗುವುದು, ನಡುನಡುವೆ “ಹೂಂ, ಹೌದ್ರೀ” ಅನ್ನುವುದು, ಉತ್ತರ ತಡವಾದರೆ ಕಣ್ಣನ್ನು ಕ್ಷಣಹೊತ್ತು ಬದಿಗೆ ಸರಿಸುವುದು. ಯೋಚಿಸುವಾಗ ನಾವೂ ಎದುರಿನವರ ಮುಖ ಬಿಟ್ಟು ಬೇರೆಲ್ಲೋ ನೋಡುತ್ತೇವಲ್ಲ! ಇಷ್ಟಾದ ಮೇಲೆ ತಡವಾದ ಉತ್ತರಕ್ಕೂ ಜನ ತಾಳ್ಮೆಯಿಂದ ಕಾಯತೊಡಗಿದರು.

5. ಕಾಲಿನ ಆಸೆ ಬಿಡಿ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋ ತೋರಿಸಿದ ಹುಮನಾಯ್ಡ್ ವ್ಯೋಮಮಿತ್ರಳಿಗೂ ಕಾಲಿಲ್ಲ. ಗಗನನೌಕೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಅದು ಬೇಕಿಲ್ಲ.

6. ರಬ್ಬರಿನ ಚರ್ಮಕ್ಕೆ ದುಡ್ಡು ಸುರಿಯಬೇಡಿ. ಮನುಷ್ಯರನ್ನು ಇನ್ನೇನು ಹೋಲಿತು ಅನ್ನುವಲ್ಲಿಯೇ ಜನರಿಗೆ ಹೇಸಿಗೆ ಹುಟ್ಟುತ್ತದೆ ಎಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಬರೆದರು. ಅಂಥ ಮುಖ ಅಲುಗಾಡಿದರೆ ಇನ್ನೂ ಹೆಚ್ಚು. ಅದೇ ದುಡ್ಡಲ್ಲಿ ಕತ್ತಿಗೆ ಇನ್ನೊಂದು ಮೋಟಾರು ಹಾಕಿಸಿ. ತಲೆ ಓರೆ ಮಾಡಿ ಕೇಳಲು ಬರುತ್ತದೆ.