ಹಳತಾದ ವಿಳಾಸವೂ ಗಣಕದ ಸ್ಮೃತಿಯೂ

ನೆನಪು ಉಪಕಾರಿಯಾದುದು; ಆದರೆ ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳದ ನೆನಪು ಅನರ್ಥಕ್ಕೂ ಕಾರಣವಾಗಬಲ್ಲುದು. ಬೆಂಗಳೂರು ದಂಡುಪ್ರದೇಶದ ಪುಲಿಕೇಶಿನಗರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1898ರ ಪ್ಲೇಗಿನ ತರುವಾಯ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ರೂಪುಗೊಂಡ ಈ ಬಡಾವಣೆಗೆ ಮೊದಲು ಸ್ಟೂವರ್ಟ್ ಫ್ರೇಜರರ ಹೆಸರಿತ್ತು. ಅನಂತರ ಚಾಲುಕ್ಯ ದೊರೆ ಪುಲಿಕೇಶಿಯ ಹೆಸರು ಬಂದಿತು. ಇಂದಿಗೂ ಅನೇಕರು ಇದನ್ನು ಫ್ರೇಜರ್ ಟೌನ್ ಎಂದೇ ಕರೆಯುವರು. ಇದರಿಂದ ಬಾಧಕವೇನೂ ಇಲ್ಲ. ಹೆಸರು ಎರಡಾದರೂ ತಲುಪುವ ಸ್ಥಳ ಒಂದೇ. ಆದರೆ ಅಲ್ಲಿನ ಮನೆಯೊಂದರ ಕುಟುಂಬ ಬೇರೆಡೆಗೆ ಹೋಗಿ, ಅದೇ ಮನೆಗೆ ಬೇರೊಬ್ಬರು ಬಂದರೆನ್ನೋಣ. ಅಂಚೆಯವನು ತನ್ನ ಕಿರುಪುಸ್ತಕದ ಹಳೆಯ ಬರಹವನ್ನೇ ನಂಬಿದರೆ ಒಬ್ಬರ ಕಾಗದ ಇನ್ನೊಬ್ಬರ ಕೈಸೇರುವುದು. ಗಣಕಯಂತ್ರದ ಒಳಗೂ ಇಂತಹುದೇ ಸಮಸ್ಯೆಯಿದೆ.

ಗಣಕದಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮವೂ ಕಾಲ್ಪನಿಕ ವಿಳಾಸಗಳನ್ನು ಬಳಸುತ್ತದೆ. ಅವು ಸ್ಮೃತಿಯ ಯಾವ ನೈಜ ಸ್ಥಾನಕ್ಕೆ ಸಲ್ಲುತ್ತವೆಂಬುದನ್ನು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಪುಟಕೋಷ್ಟಕಗಳಲ್ಲಿ ಬರೆದಿಡುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4096 ಬೈಟುಗಳು. ಇಂದಿನ 64 ಬಿಟ್ಟಿನ ಯಂತ್ರಗಳಲ್ಲಿ ಈ ಕೋಷ್ಟಕಕ್ಕೆ ಸಾಮಾನ್ಯವಾಗಿ ನಾಲ್ಕು ಹಂತಗಳಿರುವುದರಿಂದ, ಪ್ರತಿಬಾರಿಯೂ ಅದನ್ನು ಶೋಧಿಸುವುದು ವಿಳಂಬಕರ. ಆದುದರಿಂದ ಒಮ್ಮೆ ಕಂಡುಕೊಂಡ ಉತ್ತರವನ್ನು ಸಂಸ್ಕಾರಕವು ಟಿ.ಎಲ್.ಬಿ. ಎಂಬ ಕಿರುಕೋಶದಲ್ಲಿ ಇರಿಸಿಕೊಳ್ಳುತ್ತದೆ. 1985ರ ಇಂಟೆಲ್ 80386 ಸಂಸ್ಕಾರಕದಲ್ಲಿ ಇದಕ್ಕೆ 32 ನಮೂದುಗಳಷ್ಟೇ ಇದ್ದವು.

ಕರ್ನಲ್ ಕೋಷ್ಟಕವನ್ನು ತಿದ್ದಿದೊಡನೆ ಕಿರುಕೋಶವು ತಾನಾಗಿ ತಿದ್ದಿಕೊಳ್ಳುವುದಿಲ್ಲ. 80386ರಲ್ಲಿ ಕೋಶವನ್ನು ಪೂರ್ತಿಯಾಗಿ ಬರಿದುಮಾಡಬೇಕಾಗಿತ್ತು. 1989ರ 80486ರಲ್ಲಿ ಒಂದೇ ಪುಟದ ನಮೂದನ್ನು ಅಳಿಸುವ ಆದೇಶ ಬಂದಿತು. ಸಂಸ್ಕಾರಕಗಳು ಹಲವಿದ್ದಲ್ಲಿ ಕೆಲಸ ಇನ್ನಷ್ಟು ಕಠಿನ. ಏಕೆಂದರೆ ಪ್ರತಿಯೊಂದಕ್ಕೂ ತನ್ನದೇ ಕಿರುಕೋಶವುಂಟು. ಆಗ ಅನುಸರಿಸಬೇಕಾದ ಕ್ರಮವಿದು: ಮೊದಲು ಕೋಷ್ಟಕದ ನಮೂದನ್ನು ತೆಗೆಯುವುದು, ತನ್ನ ಕಿರುಕೋಶವನ್ನು ಶುದ್ಧಿಗೊಳಿಸುವುದು, ಇತರ ಸಂಸ್ಕಾರಕಗಳಿಗೆ ಸೂಚನೆ ಕಳುಹಿಸಿ, ಅವೂ ಅಳಿಸಿದುವೆಂಬ ಉತ್ತರ ಬರುವತನಕ ಕಾಯುವುದು, ಅನಂತರವೇ ಆ ಸ್ಥಾನವನ್ನು ಮತ್ತೊಬ್ಬರಿಗೆ ಕೊಡುವುದು. ಆರ್ಮ್ ಸಂಸ್ಕಾರಕಗಳಲ್ಲಿ ಈ ಸೂಚನೆಯನ್ನು ಯಂತ್ರಾಂಶವೇ ಎಲ್ಲೆಡೆಗೂ ಸಾರಬಲ್ಲುದು.

ಈ ಕ್ರಮ ತಪ್ಪಿದರೆ ಆಗುವ ಹಾನಿ ಊಹೆಯ ಮಾತಲ್ಲ. 2012ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 3.2ರಿಂದ ಮೊದಲ್ಗೊಂಡು, ಸ್ಮೃತಿಭಾಗವನ್ನು ಸ್ಥಳಾಂತರಿಸುವ ಕಾರ್ಯದಲ್ಲಿ ಕೋಷ್ಟಕದ ಬೀಗವನ್ನು ತೆರೆದ ಮೇಲೆ ಕಿರುಕೋಶವನ್ನು ಅಳಿಸಲಾಗುತ್ತಿತ್ತು. ನಡುವಿನ ಅಲ್ಪಾವಧಿಯಲ್ಲಿ ಆ ಸ್ಥಾನ ಅನ್ಯರ ಪಾಲಾದರೆ, ಹಳೆಯ ಕಾರ್ಯಕ್ರಮ ಅದನ್ನು ಓದಲೂ ಬರೆಯಲೂ ಸಾಧ್ಯವಾಗುತ್ತಿತ್ತು. ಈ ದೋಷವು 2018ರಲ್ಲಿ ಬೆಳಕಿಗೆ ಬಂದು ಸರಿಪಡಿಸಲ್ಪಟ್ಟಿತು. ಆರು ವರ್ಷಕ್ಕೂ ಹೆಚ್ಚು ಕಾಲ ಅಸಂಖ್ಯ ಯಂತ್ರಗಳಲ್ಲಿ ಅದು ಅಡಗಿದ್ದಿತು. ಎರಡು ಹೆಜ್ಜೆಗಳ ಅನುಕ್ರಮವಷ್ಟೇ ಅದರ ಮೂಲ.

ಹಾಗೆಂದು ಮಿತಿಮೀರಿ ಅಳಿಸುವುದೂ ತರವಲ್ಲ. ಬರಿದಾದ ಕೋಶವನ್ನು ಮರಳಿ ತುಂಬಲು ಕಾಲ ಬೇಕು; ಉತ್ತರಕ್ಕಾಗಿ ಕಾಯುವುದೂ ನಷ್ಟವೇ. ಆದುದರಿಂದ ಕರ್ನಲ್ ಹಲವು ಬದಲಾವಣೆಗಳನ್ನು ಕೂಡಿಸಿ ಒಮ್ಮೆಗೇ ಸೂಚನೆ ಕಳುಹಿಸುತ್ತದೆ. ಎಕ್ಸ್86 ಯಂತ್ರಗಳ ಲಿನಕ್ಸಿನಲ್ಲಿ, ರೂಢಿಯ ಮಿತಿಯಾದ 33 ಪುಟಗಳವರೆಗೆ ಒಂದೊಂದಾಗಿ ಅಳಿಸಿ, ಅದಕ್ಕೂ ಹೆಚ್ಚಾದರೆ ಕೋಶವನ್ನೇ ಬರಿದುಮಾಡಲಾಗುತ್ತದೆ. ಅಧಿಕಾರವನ್ನು ಹೆಚ್ಚಿಸುವಾಗ ಅವಸರವಿಲ್ಲ. ಹಳೆಯ ನಮೂದು ಕೆಲಸವನ್ನು ಒಮ್ಮೆ ತಡೆಯಬಹುದಷ್ಟೆ. ಅಧಿಕಾರವನ್ನು ಕಿತ್ತುಕೊಳ್ಳುವಾಗ ಮಾತ್ರ ವಿಳಂಬ ಸಲ್ಲದು.

ಗಣಕಶಾಸ್ತ್ರವನ್ನು ಬೋಧಿಸುವವರು ಈ ವಿಷಯವನ್ನು ಕೇವಲ ವೇಗದ ಸಾಧನವೆಂದು ಹೇಳಿ ಮುಗಿಸಬಾರದು. ಒಬ್ಬರ ಸ್ವತ್ತು ಇನ್ನೊಬ್ಬರ ಕೈಸೇರದಂತೆ ಕಾಯುವ ಹೊಣೆಯೂ ಇಲ್ಲಿದೆ. ಮನೆ ಕೈಬದಲಾಯಿಸುವ ಮುನ್ನ ಹಳೆಯ ಬೀಗದ ಕೈಗಳೆಲ್ಲವೂ ಹಿಂದಿರುಗಿ ಬಂದುವೇ ಎಂದು ನೋಡುವ ಎಚ್ಚರವೇ ಕರ್ನಲಿನ ಈ ಕರ್ತವ್ಯದ ಸಾರ.